ಬಯ್ಯರ್‌ದು ಒಂದು ನೆಟ್‌ವರ್ಕ್, ನಮ್ದು ಇನ್ನೊಂದು: ಇಡಿಐ ಫೈಲ್ ತಲುಪಿಸೋದು ಹೇಗೆ

ವಾರಕ್ಕೆ ಎರಡು ಸಲನಾದ್ರೂ ಈ ಪ್ರಶ್ನೆ ಬರುತ್ತೆ, ಅದಕ್ಕೆ ಒಂದೇ ಸಲ ಬರೆದು ಹಾಕ್ಬಿಡೋಣ ಅಂತ ಕೂತಿದೀನಿ. ಕೇಳೋರು ಹೆಚ್ಚಾಗಿ ಪೀಣ್ಯ, ಬೊಮ್ಮಸಂದ್ರ, ದೊಡ್ಡಬಳ್ಳಾಪುರ ಕಡೆ ಎಕ್ಸ್‌ಪೋರ್ಟ್ ಯೂನಿಟ್‌ಗಳ ಡಾಕ್ಯುಮೆಂಟೇಶನ್ ಡಿಪಾರ್ಟ್‌ಮೆಂಟ್‌ನವರು. ಅಮೆರಿಕದ ರೀಟೇಲರ್ ಒಬ್ಬ ಹೊಸದಾಗಿ ಆರ್ಡರ್ ಕೊಟ್ಟಿರ್ತಾನೆ, ಹಿಂದೇನೇ ಒಂದು ಮೇಲ್, ಇನ್ಮೇಲೆ ಪಿಒ (ಪರ್ಚೇಸ್ ಆರ್ಡರ್) ಪಿಡಿಎಫ್‌ನಲ್ಲಿ ಬರಲ್ಲ, ಇಡಿಐನಲ್ಲೇ ಬರುತ್ತೆ, ನಿಮ್ಮ ವ್ಯಾನ್ ಯಾವ್ದು, ನಿಮ್ಮ ಐಡಿ ಏನು, ಬೇಗ ತಿಳಿಸಿ ಅಂತ. ಇವ್ರು ತಲೆ ಮೇಲೆ ಕೈ ಹೊತ್ಕೊಂಡು ಕೂತಿರ್ತಾರೆ.

ಇಡಿಐ ಅಂದ್ರೆ ಆರ್ಡರ್, ಇನ್ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಇವನ್ನೆಲ್ಲ ಮನುಷ್ಯ ಓದೋ ಕಾಗದದ ಬದಲು ಕಂಪ್ಯೂಟರ್ ಓದೋ ಕಟ್ಟುನಿಟ್ಟಿನ ಫಾರ್ಮ್ಯಾಟಲ್ಲಿ ಕಳ್ಸೋದು. ಅಮೆರಿಕದವರದ್ದು ಎಕ್ಸ್12 ಅನ್ನೋ ಫಾರ್ಮ್ಯಾಟ್, ಅದರ ಸಮಿತಿ ಶುರುವಾಗಿದ್ದೇ 1979ರಲ್ಲಿ, ಅಂದ್ರೆ ನಾವು ಈಗ ಹೊಸದು ಅಂತ ಗಾಬರಿ ಬೀಳೋದು ಅಲ್ಲಿ ಅಜ್ಜನ ಕಾಲದ್ದು. ಯುರೋಪಿನವರು ಎಡಿಫ್ಯಾಕ್ಟ್ ಬಳಸ್ತಾರೆ. ವ್ಯಾನ್ ಅಂದ ತಕ್ಷಣ ಮಾರುತಿ ಓಮ್ನಿ ನೆನಪಾಗೋರಿಗೆ: ವ್ಯಾಲ್ಯೂ ಆಡೆಡ್ ನೆಟ್‌ವರ್ಕ್ ಅಂತ ಅದರ ಪೂರ್ತಿ ಹೆಸರು, ಪೋಸ್ಟಾಫೀಸಲ್ಲಿ ಬಾಡಿಗೆಗೆ ತಗೊಳೋ ಪೋಸ್ಟ್ ಬಾಕ್ಸ್ ಇದ್ದ ಹಾಗೆ, ನಿಮ್ಮ ಹೆಸರಿಗೊಂದು ಮೇಲ್‌ಬಾಕ್ಸ್ ಇರುತ್ತೆ, ಬಯ್ಯರ್ ಅದರಲ್ಲಿ ಹಾಕ್ತಾನೆ, ನೀವು ಎತ್ಕೋತೀರ.

ತೊಂದ್ರೆ ಬರೋದು ಬಯ್ಯರ್ ಒಂದು ವ್ಯಾನಲ್ಲಿ, ನೀವು ಇನ್ನೊಂದರಲ್ಲಿ ಇದ್ದಾಗ. ಆಗ ಫೈಲು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟ್ಬೇಕು, ಮಧ್ಯದಲ್ಲಿ ಎಲ್ಲಾದ್ರೂ ಕೂತ್ಬಿಡುತ್ತೆ, ದೇವರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅಂತಾರಲ್ಲ ಅದೇ ಕಥೆ. ಈ ಲೇಖನ ಓದಿ ಒಂದೇ ವಿಷಯ ತಲೇಲಿ ಉಳಿಸ್ಕೊಳ್ತೀರ ಅಂದ್ರೆ ಇದನ್ನ ಉಳಿಸ್ಕೊಳ್ಳಿ: "ಕಳ್ಸಿದೀನಿ" ಮತ್ತೆ "ತಲುಪಿದೆ" ಇವೆರಡರ ಮಧ್ಯೆ ಮೂರ್ನಾಲ್ಕು ಬಾಗಿಲಿವೆ, ಒಂದೊಂದು ಬಾಗಿಲಿಗೂ ಬೇರೆ ಬೇರೆ ರಸೀದಿ, ಒಂದರ ರಸೀದಿ ತೋರ್ಸಿ ಇನ್ನೊಂದು ದಾಟಿದೆ ಅಂತ ಹೇಳಕ್ಕಾಗಲ್ಲ.

1. ಬಯ್ಯರ್ ಹತ್ರ ಮೊದಲು ಇಷ್ಟನ್ನ ಕೇಳಿ ತಗೊಳ್ಳಿ

ವ್ಯಾನ್ ಕಂಪನಿಗೆ ಫೋನ್ ಮಾಡೋಕೆ ಮುಂಚೆ ಬಯ್ಯರ್‌ನ ಇಡಿಐ ಟೀಮ್ ಹತ್ರ ಮಾತಾಡಿ. ಮರ್ಚಂಡೈಸಿಂಗ್ ಟೀಮ್ ಹತ್ರ ಅಲ್ಲ, ಅವ್ರಿಗೆ ಇದು ಗೊತ್ತಿರಲ್ಲ. ಬೇಕಾಗಿರೋದು: ಯಾವ ಯಾವ ಡಾಕ್ಯುಮೆಂಟು, ಎಕ್ಸ್12ನ ಯಾವ ವರ್ಶನ್ (4010 ಅಥವಾ 5010 ಅಂತಿರುತ್ತೆ ಸಾಮಾನ್ಯವಾಗಿ), ಅವರ ಟೆಸ್ಟ್ ಐಡಿ ಮತ್ತೆ ಪ್ರೊಡಕ್ಷನ್ ಐಡಿ (ಅಂದ್ರೆ ನಿಜವಾದ ವ್ಯವಹಾರಕ್ಕೆ ಬಳಸೋದು), ಯಾವ ನೆಟ್‌ವರ್ಕು, ಮತ್ತೆ ಮ್ಯಾಪಿಂಗ್ ಗೈಡು. ಮ್ಯಾಪಿಂಗ್ ಗೈಡ್ ಅಂದ್ರೆ ಯಾವ ಜಾಗದಲ್ಲಿ ಏನು ಬರೀಬೇಕು ಅನ್ನೋ ಪುಸ್ತಕ, ಒಬ್ಬೊಬ್ಬ ಬಯ್ಯರ್‌ದೂ ಬೇರೆ ಬೇರೆ. ಎಕ್ಸ್12 ಒಂದೇ ಸ್ಟ್ಯಾಂಡರ್ಡ್ ಅಲ್ವಾ ಅಂತ ಕೇಳ್ಬೇಡಿ, ಸ್ಟ್ಯಾಂಡರ್ಡ್ ಒಂದೇ, ಅದನ್ನ ಓದೋ ಕಣ್ಣು ನೂರು.

ಡಾಕ್ಯುಮೆಂಟ್‌ಗಳಿಗೆ ಹೆಸರಿನ ಬದಲು ನಂಬರ್‌ನಲ್ಲೇ ಮಾತಾಡ್ತಾರೆ, ಅಭ್ಯಾಸ ಮಾಡ್ಕೊಳ್ಳಿ. 850 ಅಂದ್ರೆ ಪರ್ಚೇಸ್ ಆರ್ಡರ್, 855 ಅಂದ್ರೆ ಆರ್ಡರ್ ಒಪ್ಕೊಂಡಿದೀನಿ ಅನ್ನೋ ಉತ್ತರ, 856 ಅಂದ್ರೆ ಎಎಸ್‌ಎನ್, ಅಂದ್ರೆ ಸರಕು ಬರ್ತಿದೆ, ಯಾವ ಕಾರ್ಟನ್‌ನಲ್ಲಿ ಏನಿದೆ ಅಂತ ಮುಂಚಿತವಾಗಿ ಕೊಡೋ ಸೂಚನೆ, 810 ಅಂದ್ರೆ ಇನ್ವಾಯ್ಸ್, 997 ಅಂದ್ರೆ ನಿಮ್ಮ ಫೈಲ್ ಓದಕ್ಕಾಯ್ತು ಅನ್ನೋ ರಸೀದಿ. ಯುರೋಪ್ ಆದ್ರೆ ಇವೇ ಆರ್ಡರ್ಸ್, ಡೆಸಾಡ್ವ್, ಇನ್ವಾಯಿಕ್, ಕಂಟ್ರೋಲ್ ಅನ್ನೋ ಹೆಸರಲ್ಲಿ ಬರುತ್ತೆ.

ಇಲ್ಲಿ ಎಲ್ಲರೂ ಮರೆಯೋದು 860. ಅದು ಆರ್ಡರ್ ಬದಲಾವಣೆ. ಸೆಟಪ್ ಮಾಡೋವಾಗ "ಅದು ಆಮೇಲೆ ನೋಡೋಣ" ಅಂತ ಬಿಟ್ಬಿಡ್ತಾರೆ, ಮೂರು ತಿಂಗಳಾದ್ಮೇಲೆ ಬಯ್ಯರ್ ಕ್ವಾಂಟಿಟಿ ಕಮ್ಮಿ ಮಾಡಿ 860 ಕಳಿಸ್ತಾನೆ, ನಿಮ್ಮ ಸಿಸ್ಟಮ್ ಅದನ್ನ ಎತ್ಕೊಳೋದೇ ಇಲ್ಲ, ಬಟ್ಟೆ ಕಟಿಂಗ್ ಹಳೇ ಕ್ವಾಂಟಿಟಿಗೇ ಆಗಿರುತ್ತೆ. ಮೊದಲ ದಿನಾನೇ ಲಿಸ್ಟಲ್ಲಿ ಸೇರ್ಸಿ.

2. ಯಾವ ದಾರಿ ಅಂತ ತೀರ್ಮಾನ ಮಾಡಿ

ದಾರಿ ನಾಲ್ಕಿವೆ, ನನ್ನ ಅಭಿಪ್ರಾಯ ಜೊತೆಗೇ ಹೇಳ್ತೀನಿ.

ತಿಂಗಳಿಗೆ ಹತ್ತಿಪ್ಪತ್ತು ಡಾಕ್ಯುಮೆಂಟಷ್ಟೇ ಇದ್ರೆ ವೆಬ್ ಇಡಿಐ ಸಾಕು, ಬ್ರೌಸರ್‌ನಲ್ಲಿ ಫಾರ್ಮ್ ತುಂಬೋದು, ಹಿಂದೆ ಅದೇ ಫೈಲ್ ಮಾಡಿ ಕಳ್ಸುತ್ತೆ. ಕೈಯಲ್ಲಿ ಟೈಪ್ ಮಾಡ್ಬೇಕು ಅನ್ನೋದೊಂದೇ ಕಷ್ಟ, ಸಾವಿರ ಕಾರ್ಟನ್ ಶಿಪ್‌ಮೆಂಟ್ ಬಂದಾಗ ಅಳು ಬರುತ್ತೆ.

ಒಬ್ಬನೇ ದೊಡ್ಡ ಬಯ್ಯರ್ ಇದ್ರೆ ಎಎಸ್2 ನೇರ ಕನೆಕ್ಷನ್. ಎಎಸ್2 ಅಂದ್ರೆ ಇಂಟರ್ನೆಟ್ ಮೇಲೆ ಫೈಲ್‌ಗೆ ಬೀಗ ಹಾಕಿ, ಸಹಿ ಹಾಕಿ, ನಿಮ್ಮ ಸರ್ವರ್‌ನಿಂದ ಅವರ ಸರ್ವರ್‌ಗೆ ಮಧ್ಯವರ್ತಿ ಇಲ್ದೆ ಕಳ್ಸೋ ಪದ್ಧತಿ. ವಾಲ್‌ಮಾರ್ಟ್ 2002ರಲ್ಲಿ ಸಪ್ಲೈಯರ್‌ಗಳಿಗೆ ಇದನ್ನೇ ಬಳಸಿ ಅಂದ್ಮೇಲೆ ಇದು ಎಲ್ಲ ಕಡೆ ಹಬ್ಬಿತು.

ನಾಲ್ಕೈದು ಬಯ್ಯರ್, ಒಬ್ಬೊಬ್ಬರದ್ದೂ ಒಂದೊಂದು ನೆಟ್‌ವರ್ಕ್ ಅಂದ್ರೆ ನೀವು ಒಂದೇ ವ್ಯಾನ್ ತಗೊಂಡು ಅಲ್ಲಿಂದ ಬೇರೆಯವಕ್ಕೆ ಇಂಟರ್‌ಕನೆಕ್ಟ್ ಮಾಡ್ಸೋದು, ಅಂದ್ರೆ ಎರಡು ವ್ಯಾನ್ ಮಧ್ಯೆ ದಾರಿ ಜೋಡ್ಸೋದು. ಪ್ರತಿ ಬಯ್ಯರ್‌ಗೂ ಒಂದು ವ್ಯಾನ್ ತಗೊಂಡು ಐದು ಬಿಲ್ ಕಟ್ತಿರೋರನ್ನ ನೋಡಿದೀನಿ, ಯಾಕೆ ಅಂದ್ರೆ "ಬಯ್ಯರ್ ಅದನ್ನೇ ಹೇಳಿದ್ರು". ಬಯ್ಯರ್ ಹೇಳೋದು ಅವ್ರು ಯಾವ ನೆಟ್‌ವರ್ಕ್‌ನಲ್ಲಿದಾರೆ ಅಂತ ಅಷ್ಟೇ. ನೀವೂ ಅದರಲ್ಲೇ ಇರ್ಬೇಕು ಅಂತ ಕಾಂಟ್ರಾಕ್ಟ್‌ನಲ್ಲಿ ಬರೆದಿಲ್ಲ ಅಂದ್ರೆ ಕಟ್ಟುಪಾಡಿಲ್ಲ, ಒಂದ್ಸಲ ಬರವಣಿಗೆಯಲ್ಲಿ ಕೇಳಿ ಖಾತ್ರಿ ಮಾಡ್ಕೊಳ್ಳಿ.

ನಾಲ್ಕನೇದು ಪೆಪ್ಪೋಲ್ ಅನ್ನೋ ಇ-ಇನ್ವಾಯ್ಸ್ ನೆಟ್‌ವರ್ಕ್, ಅದು ಯುರೋಪ್, ಸಿಂಗಾಪುರ, ಆಸ್ಟ್ರೇಲಿಯಾ ಕಡೆಯ ವಿಷಯ, ಕೊನೇಲಿ ಬರ್ತೀನಿ. ಜರ್ಮನಿಯ ಕಾರ್ ಕಂಪನಿಗಳಿಗೆ ಪಾರ್ಟ್ಸ್ ಕಳ್ಸೋರಿಗೆ ಓಎಫ್‌ಟಿಪಿ2 ಅಂತ ಇನ್ನೊಂದು ಇದೆ, ಅದರ ಲೆಕ್ಕಾಚಾರ ಹೆಚ್ಚುಕಮ್ಮಿ ಎಎಸ್2 ಥರಾನೇ.

ಖರ್ಚಿನ ಬಗ್ಗೆ ಒಂದು ಮಾತು. ಎಷ್ಟೋ ವ್ಯಾನ್‌ಗಳು ಕಿಲೋ ಕ್ಯಾರೆಕ್ಟರ್ ಲೆಕ್ಕದಲ್ಲಿ ಚಾರ್ಜ್ ಮಾಡ್ತಾರೆ, ಅಂದ್ರೆ ಸಾವಿರ ಅಕ್ಷರಕ್ಕೆ ಇಷ್ಟು ಅಂತ. 850 ಚಿಕ್ಕದು, 810 ಚಿಕ್ಕದು, ಆದ್ರೆ 856 ಕಾರ್ಟನ್ ಕಾರ್ಟನ್ ಲೆಕ್ಕ ಬರೆಯೋ ಫೈಲು, ಅದೊಂದೇ ಬಿಲ್ ಉಬ್ಬಿಸುತ್ತೆ. ಕೊಟೇಶನ್ ಕೇಳೋವಾಗ ನಿಮ್ಮ ಒಂದು ದೊಡ್ಡ ಶಿಪ್‌ಮೆಂಟ್‌ನ 856 ಎಷ್ಟಾಗುತ್ತೆ ಅಂತ ಲೆಕ್ಕ ಹಾಕ್ಸಿ ಕೇಳಿ.

3. ಐಡಿ ಮಾಡ್ಸಿ, ಜೋಪಾನ ಮಾಡಿ

ಪ್ರತಿ ಎಕ್ಸ್12 ಫೈಲ್‌ನ ಮೊದಲ ಸಾಲು ಐಎಸ್‌ಎ. ಅದು ಲಕೋಟೆ ಮೇಲಿನ ವಿಳಾಸ. ಫೈಲ್‌ನ ಬಾಕಿ ಭಾಗದಲ್ಲಿ ಉದ್ದ ಹೆಚ್ಚುಕಮ್ಮಿ ಆದ್ರೂ ನಡೆಯುತ್ತೆ, ಈ ಸಾಲು ಮಾತ್ರ ಕೊನೆಯ ಚಿಹ್ನೆ ಸೇರಿ ಕರೆಕ್ಟಾಗಿ 106 ಅಕ್ಷರ ಇರ್ಬೇಕು, ಒಂದು ಕಮ್ಮಿ ಆಗೋ ಹಾಗಿಲ್ಲ, ಒಂದು ಜಾಸ್ತಿ ಆಗೋ ಹಾಗಿಲ್ಲ. ಕಳ್ಸೋರ ಐಡಿಗೆ 15 ಜಾಗ, ತಗೊಳೋರ ಐಡಿಗೆ 15 ಜಾಗ. ನಿಮ್ಮ ಐಡಿ 9 ಅಂಕಿ ಇದ್ರೆ ಉಳಿದ 6 ಜಾಗಕ್ಕೆ ಖಾಲಿ ಸ್ಪೇಸ್ ತುಂಬ್ಬೇಕು, ಹಿಂದೆ ತುಂಬ್ಬೇಕು, ಮುಂದೆ ಸೊನ್ನೆ ಹಾಕಕ್ಕೆ ಹೋಗ್ಬೇಡಿ. ಫೈಲ್‌ನ ಎಕ್ಸೆಲ್‌ನಲ್ಲೋ ಯಾವ್ದೋ ಎಡಿಟರ್‌ನಲ್ಲೋ ತೆರೆದು ಸೇವ್ ಮಾಡಿದಾಗ ಆ ಸ್ಪೇಸ್‌ಗಳು ಮಾಯ ಆಗಿ ಫೈಲ್ ಸತ್ತು ಹೋಗೋದು ಬಹಳ ಮಾಮೂಲಿ.

ಐಡಿ ಮುಂದೆ ಎರಡಕ್ಷರದ ಕ್ವಾಲಿಫೈಯರ್ ಇರುತ್ತೆ, ಅಂದ್ರೆ ಈ ಐಡಿ ಯಾವ ಜಾತಿಯದ್ದು ಅಂತ ಹೇಳೋ ಗುರುತು. 01 ಅಂದ್ರೆ ಡನ್ಸ್ ನಂಬರ್, ಡನ್ ಅಂಡ್ ಬ್ರಾಡ್‌ಸ್ಟ್ರೀಟ್ ಕೊಡೋ 9 ಅಂಕಿಯದ್ದು. 12 ಅಂದ್ರೆ ಫೋನ್ ನಂಬರ್. ಝಡ್‌ಝಡ್ ಅಂದ್ರೆ ನಾವು ನಾವೇ ಮಾತಾಡ್ಕೊಂಡು ಇಟ್ಕೊಂಡಿರೋ ಹೆಸರು. ನನ್ನ ಸಲಹೆ ಡನ್ಸ್ ತಗೊಳ್ಳಿ. ಝಡ್‌ಝಡ್ ಹಾಕಿ ಕಂಪನಿ ಹೆಸರಿನ ಮೂರಕ್ಷರ ಇಟ್ರೆ ಅದೇ ಮೂರಕ್ಷರ ಇನ್ನೊಂದು ನೆಟ್‌ವರ್ಕಲ್ಲಿ ಬೇರೆ ಯಾರೋ ಇಟ್ಕೊಂಡಿರ್ತಾರೆ, ನಿಮ್ಮ ಆರ್ಡರ್ ಅವರ ಮನೆಗೆ ಹೋಗುತ್ತೆ.

ಇನ್ನೊಂದು, 01 ಮತ್ತೆ ನಿಮ್ಮ ನಂಬರ್ ಸೇರಿದ್ರೇನೇ ಪೂರ್ತಿ ವಿಳಾಸ. ಅದೇ ನಂಬರ್‌ಗೆ ಝಡ್‌ಝಡ್ ಹಾಕಿದ್ರೆ ನೆಟ್‌ವರ್ಕ್ ಕಣ್ಣಿಗೆ ಅದು ಬೇರೆ ಮನುಷ್ಯ. ಮೇಲ್‌ನಲ್ಲಿ ಐಡಿ ಕೊಡೋವಾಗ ಕ್ವಾಲಿಫೈಯರ್ ಬರೀದೆ ಬರೀ ನಂಬರ್ ಕೊಡೋದು, ಓ ಅಕ್ಷರಕ್ಕೂ ಸೊನ್ನೆಗೂ ವ್ಯತ್ಯಾಸ ಗೊತ್ತಾಗದ ಫಾಂಟಲ್ಲಿ ಟೈಪ್ ಮಾಡೋದು, ಇವೆರಡಕ್ಕೇ ಅರ್ಧ ಸೆಟಪ್‌ಗಳು ಕುಂಟ್ತವೆ. ನಾನೇ ಒಂದ್ಸಲ ಆ ಓ ಮತ್ತೆ ಸೊನ್ನೆ ಹಿಂದೆ ದೀಪಾವಳಿ ರಜೆ ಪೂರ್ತಿ ಕಳ್ಕೊಂಡಿದೀನಿ.

4. ಇಂಟರ್‌ಕನೆಕ್ಟ್ ಮಾಡ್ಸಿ

ಜಿಯೋ ಸಿಮ್ಮಿಂದ ಏರ್‌ಟೆಲ್ ನಂಬರಿಗೆ ಕಾಲ್ ಹೋಗುತ್ತಲ್ಲ, ಎರಡೂ ಕಂಪನಿ ಒಳಗೊಳಗೆ ಜೋಡಿಸ್ಕೊಂಡಿರೋದ್ರಿಂದ, ಇಲ್ಲೂ ಹಾಗೇ, ವ್ಯಾನ್‌ಗಳ ಮಧ್ಯೆ ಪೈಪ್ ಮೊದಲೇ ಇರುತ್ತೆ. ವ್ಯತ್ಯಾಸ ಏನಪ್ಪಾ ಅಂದ್ರೆ ಫೋನಲ್ಲಿ ನಂಬರ್ ಒತ್ತಿದ್ರೆ ಆಯ್ತು, ಇಲ್ಲಿ "ಈ ಐಡಿ ಆ ನೆಟ್‌ವರ್ಕಲ್ಲಿದೆ" ಅಂತ ಪ್ರತಿಯೊಬ್ಬ ಬಯ್ಯರ್‌ಗೂ ಬೇರೆ ಬೇರೆಯಾಗಿ ರೂಟಿಂಗ್ ಬರೆಸ್ಬೇಕು.

ಮಾಡೋದು ಹೀಗೆ. ನಿಮ್ಮ ವ್ಯಾನ್ ಸಪೋರ್ಟ್‌ಗೆ ಟಿಕೆಟ್ ಹಾಕಿ, ಅದರಲ್ಲಿ ನಿಮ್ಮ ಕ್ವಾಲಿಫೈಯರ್ ಮತ್ತು ಐಡಿ, ಬಯ್ಯರ್‌ನ ಕ್ವಾಲಿಫೈಯರ್ ಮತ್ತು ಐಡಿ, ಬಯ್ಯರ್‌ನ ನೆಟ್‌ವರ್ಕ್ ಹೆಸರು, ಟೆಸ್ಟ್‌ಗಾ ಪ್ರೊಡಕ್ಷನ್‌ಗಾ ಅಥವಾ ಎರಡಕ್ಕೂನಾ ಅಂತ ಬರೀರಿ. ಅದೇ ದಿನ ಬಯ್ಯರ್‌ಗೂ ಮೇಲ್ ಹಾಕಿ ಅವರ ವ್ಯಾನಲ್ಲೂ ಇದೇ ಟಿಕೆಟ್ ಹಾಕಕ್ಕೆ ಹೇಳಿ. ಎರಡೂ ಕಡೆಯಿಂದ ಆಗ್ಬೇಕು. ಇದೇ ಜಾಗದಲ್ಲಿ ಜನ ಎಡವೋದು: ನಿಮ್ಮ ಕಡೆಯಿಂದ ಮಾತ್ರ ಮಾಡ್ಸಿದ್ರೆ ನಿಮ್ಮ ಫೈಲು ಹೋಗುತ್ತೆ, ಅವರದ್ದು ಬರಲ್ಲ, ಒಂದು ಕಡೆ ಮಾತ್ರ ಹಸಿರು ಸಿಗ್ನಲ್. ನೀವು ಟೆಸ್ಟ್ ಇನ್ವಾಯ್ಸ್ ಕಳ್ಸಿ ಹೋಯ್ತು ಅಂತ ಖುಷಿಯಾಗಿರ್ತೀರ, ಅವರ 850 ಅವರ ವ್ಯಾನಲ್ಲೇ ವಿಳಾಸ ಗೊತ್ತಿಲ್ಲ ಅಂತ ಬಿದ್ದಿರುತ್ತೆ.

ಎರಡು ವ್ಯಾನ್ ಮಧ್ಯೆ ನೇರ ಪೈಪ್ ಇದೆಯಾ, ಇಲ್ಲ ಮೂರನೇ ವ್ಯಾನ್ ಮೂಲಕ ಸುತ್ತಿ ಹೋಗ್ತಿದೆಯಾ ಅಂತ ಕೇಳೋದು ಮರೀಬೇಡಿ. ಮೂರು ಕೈ ದಾಟೋ ಫೈಲ್ ಕಳೆದುಹೋದ್ರೆ ಹುಡುಕೋರು ಯಾರೂ ಇಲ್ಲ, ಮೊದಲನೇಯವನು ನಾನು ಕೊಟ್ಟೆ ಅಂತಾನೆ, ಮೂರನೇಯವನು ನಂಗೆ ಬಂದಿಲ್ಲ ಅಂತಾನೆ, ಮಧ್ಯದವನಿಗೂ ನಿಮಗೂ ಕಾಂಟ್ರಾಕ್ಟೇ ಇರಲ್ಲ.

ವ್ಯಾನ್ ಬದಲಾಯಿಸ್ತಿರೋರು ಇದನ್ನ ಎರಡು ಸಲ ಓದಿ. ಹೊಸ ವ್ಯಾನ್‌ಗೆ ಅದೇ ಐಡಿ ತಗೊಂಡು ಹೋಗಬಹುದು, ಆದ್ರೆ ಹಳೇ ವ್ಯಾನ್ ಆ ಐಡಿನ ತನ್ನ ಟೇಬಲ್‌ನಿಂದ ಬಿಡುಗಡೆ ಮಾಡ್ಬೇಕು, ಮತ್ತೆ ಬಯ್ಯರ್‌ಗಳ ವ್ಯಾನ್‌ಗಳೆಲ್ಲ ಹೊಸ ರೂಟಿಂಗ್ ಬರೀಬೇಕು. ಅಕೌಂಟ್ ಕ್ಲೋಸ್ ಮಾಡಿದ್ರೆ ಇದು ತಾನಾಗೇ ಆಗುತ್ತೆ ಅಂದ್ಕೋಬೇಡಿ. ಕೆಲವು ವಾರ ಎರಡೂ ಮೇಲ್‌ಬಾಕ್ಸ್ ತೆರೆದಿಟ್ಟು ದಿನಾ ಎರಡನ್ನೂ ನೋಡಿ. ಹಳೇ ಬಾಡಿಗೆ ಮನೆಗೆ ಪೋಸ್ಟ್ ಹೋಗೋದು ನಿಲ್ಲೋಕೆ ಟೈಮ್ ಬೇಕು.

5. ಎಎಸ್2 ಆರಿಸ್ಕೊಂಡಿದ್ರೆ

ಎರಡೂ ಕಡೆ ಒಂದು ಶೀಟ್ ಬದಲಾಯಿಸ್ಕೊಳ್ಳಿ: ಎಎಸ್2 ಹೆಸರು, ಯುಆರ್‌ಎಲ್, ಸರ್ಟಿಫಿಕೇಟು, ಬೀಗಕ್ಕೆ ಯಾವ ಆಲ್ಗರಿದಮ್, ಸಹಿಗೆ ಯಾವ್ದು, ಐಪಿ ವಿಳಾಸ, ಮತ್ತೆ ಎಂಡಿಎನ್ ತಕ್ಷಣ ಬೇಕಾ ಆಮೇಲೆ ಬೇಕಾ. ಎಂಡಿಎನ್ ಅಂದ್ರೆ ಫೈಲ್ ಕೈಗೆ ಸಿಕ್ತು, ಬೀಗ ತೆಗೆಯಕ್ಕಾಯ್ತು, ಮಧ್ಯದಲ್ಲಿ ಒಂದಕ್ಷರಾನೂ ಬದಲಾಗಿಲ್ಲ ಅಂತ ಅವರ ಸರ್ವರ್ ಸಹಿ ಹಾಕಿ ವಾಪಸ್ ಕೊಡೋ ರಸೀದಿ. ಎಎಸ್2 ಹೆಸರಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಲೆಕ್ಕ, ಕಾಪಿ ಪೇಸ್ಟ್ ಮಾಡಿ, ಟೈಪ್ ಮಾಡ್ಬೇಡಿ.

ದೊಡ್ಡ ಹಳ್ಳ ಇರೋದು ಸರ್ಟಿಫಿಕೇಟ್‌ನಲ್ಲಿ. ಅದಕ್ಕೆ ಎಕ್ಸ್‌ಪೈರಿ ಡೇಟ್ ಇರುತ್ತೆ. ಸೆಟಪ್ ಮಾಡಿದ ಹುಡುಗ ಅಷ್ಟರಲ್ಲಿ ಬೇರೆ ಕಂಪನಿ ಸೇರಿರ್ತಾನೆ, ರಿಮೈಂಡರ್ ಮೇಲ್ ಅವನ ಹಳೇ ಐಡಿಗೆ ಹೋಗ್ತಿರುತ್ತೆ, ಒಂದು ದಿನ ಬೆಳಗ್ಗೆ ಎದ್ದು ನೋಡಿದ್ರೆ ಎಲ್ಲ ನಿಂತಿರುತ್ತೆ. ಎಕ್ಸ್‌ಪೈರಿಗೆ ಎರಡು ತಿಂಗಳ ಮುಂಚೆ ಮೂರು ಜನರ ಕ್ಯಾಲೆಂಡರ್‌ನಲ್ಲಿ ಹಾಕಿ, ಡೇಟು ಟೈಮು ಬಯ್ಯರ್ ಜೊತೆ ಮಾತಾಡ್ಕೊಂಡು ಇಬ್ಬರೂ ಒಟ್ಟಿಗೆ ಬದಲಾಯಿಸಿ. ಟೈಮ್ ಹೇಳೋವಾಗ ಯಾವ ಊರಿನ ಟೈಮ್ ಅಂತ ಹೇಳಿ, ನ್ಯೂಯಾರ್ಕಿಗೂ ನಮಗೂ ಬೇಸಿಗೇಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ.

ಸಾಫ್ಟ್‌ವೇರ್‌ಗೆ ದುಡ್ಡಿಲ್ಲ ಅನ್ನೋರಿಗೆ ಓಪನ್ಎಎಸ್2, ಮೆಂಡೆಲ್ಸನ್ ಎಎಸ್2 ಅಂತ ಓಪನ್ ಸೋರ್ಸ್ ಇವೆ. ನಡೆಸ್ಕೊಂಡು ಹೋಗಕ್ಕೆ ಸರ್ವರ್, ಫೈರ್‌ವಾಲ್ ಗೊತ್ತಿರೋ ಒಬ್ಬ ಮನುಷ್ಯ ಮಾತ್ರ ಬೇಕೇ ಬೇಕು.

6. ಫೈಲ್ ಒಳಗಿನ ಅಕ್ಷರ ಶುದ್ಧ ಮಾಡಿ

ಇದನ್ನ ಯಾವ ವ್ಯಾನ್ ಕಂಪನಿಯವನೂ ನಿಮಗೆ ಹೇಳ್ಕೊಡಲ್ಲ, ಯಾಕಂದ್ರೆ ಅವನು ಬಟ್ಟೆ ವ್ಯಾಪಾರ ನೋಡಿರಲ್ಲ.

ಎಕ್ಸ್12ನಲ್ಲಿ ಒಂದು ಮಾಹಿತಿಗೂ ಇನ್ನೊಂದಕ್ಕೂ ಮಧ್ಯೆ ಗೋಡೆಯಾಗಿ ಸಾಮಾನ್ಯವಾಗಿ ನಕ್ಷತ್ರ ಚಿಹ್ನೆ * ಬಳಸ್ತಾರೆ, ಸಾಲಿನ ಕೊನೆಗೆ ~ ಇರುತ್ತೆ. ಈಗ ನಮ್ಮ ಮರ್ಚಂಡೈಸರ್‌ಗಳು ಬಟ್ಟೆಯ ಕನ್‌ಸ್ಟ್ರಕ್ಷನ್, ಅಂದ್ರೆ ನೂಲು ಎಷ್ಟು ದಪ್ಪ, ಎಳೆ ಎಷ್ಟು ಅನ್ನೋ ಲೆಕ್ಕ, ಹೇಗೆ ಬರೀತಾರೆ? 60*60/132*72. ಇದನ್ನ ಇಆರ್‌ಪಿಯ (ಆರ್ಡರ್, ಸ್ಟಾಕ್, ಲೆಕ್ಕ ಎಲ್ಲ ಇಡೋ ಕಂಪನಿಯ ಸಾಫ್ಟ್‌ವೇರ್) ಡಿಸ್ಕ್ರಿಪ್ಷನ್ ಕಾಲಮ್ಮಲ್ಲಿ ಹಾಗೇ ಇಟ್ರೆ, ಫೈಲ್ ಆಗೋವಾಗ ಅದು ಒಂದು ಮಾಹಿತಿ ಹೋಗಿ ಮೂರು ತುಂಡಾಗುತ್ತೆ, 60 ಒಂದು ಕಡೆ, 60/132 ಇನ್ನೊಂದು ಕಡೆ, 72 ಮತ್ತೊಂದು ಕಡೆ, ಅದರ ಮುಂದಿರೋದೆಲ್ಲ ಎರಡೆರಡು ಮನೆ ಮುಂದಕ್ಕೆ ಸರಿಯುತ್ತೆ. ಬಯ್ಯರ್ ಕಡೆ ಸಿಸ್ಟಮ್ ರಿಜೆಕ್ಟ್ ಮಾಡಿದ್ರೆ ನಿಮ್ಮ ಅದೃಷ್ಟ, ಯಾಕಂದ್ರೆ ರಿಜೆಕ್ಟ್ ಮಾಡದೆ ತಪ್ಪು ಜಾಗದಲ್ಲಿ ಓದ್ಕೊಂಡ್ರೆ ಇನ್ನೂ ಕಷ್ಟ. ನಕ್ಷತ್ರದ ಬದಲು ಎಕ್ಸ್ ಅಕ್ಷರ ಹಾಕ್ಸಿ, ಇಆರ್‌ಪಿಯಲ್ಲೇ ಹಾಕ್ಸಿ.

ಎಡಿಫ್ಯಾಕ್ಟ್‌ನಲ್ಲಿ ಇದೇ ಪಾತ್ರ + ಮತ್ತೆ : ಮತ್ತೆ ' ಮಾಡ್ತವೆ. ನಿಮ್ಮ ಫ್ಯಾಕ್ಟರಿ ವಿಳಾಸದಲ್ಲಿ ಪ್ಲಾಟ್ 14+15 ಅಂತಿದ್ರೆ ಆ ಪ್ಲಸ್ ಮುಂದೆ ಪ್ರಶ್ನಾರ್ಥಕ ಚಿಹ್ನೆ ? ಹಾಕಿ ಇದು ಗೋಡೆ ಅಲ್ಲ, ಬರೀ ಅಕ್ಷರ ಅಂತ ತೋರಿಸ್ಬೇಕು, ಒಳ್ಳೇ ಸಾಫ್ಟ್‌ವೇರ್ ತಾನೇ ಹಾಕುತ್ತೆ, ಒಂದು ಟೆಸ್ಟ್ ಫೈಲ್ ತೆರೆದು ಕಣ್ಣಾರೆ ನೋಡ್ಕೊಳ್ಳಿ. ಇನ್ನು ವಾಟ್ಸಾಪ್, ವರ್ಡ್‌ನಿಂದ ಕಾಪಿ ಮಾಡಿದ ಬಾಗಿದ ಉದ್ಧರಣ ಚಿಹ್ನೆ, ರೂಪಾಯಿ ಚಿಹ್ನೆ ₹, ಇವೆಲ್ಲ ಆಚೆ ಕಡೆ ಚೌಕ ಚೌಕವಾಗಿ ಕಾಣ್ತವೆ ಇಲ್ಲ ಫೈಲನ್ನೇ ಬೀಳಿಸ್ತವೆ.

ಇನ್ವಾಯ್ಸ್ ನಂಬರ್ ಬಗ್ಗೆ. ಜಿಎಸ್‌ಟಿ ಪ್ರಕಾರ 16 ಅಕ್ಷರದ ಒಳಗಿರ್ಬೇಕು, ಅದರಲ್ಲಿ ಅಡ್ಡಗೆರೆ, ಓರೆಗೆರೆ ಇರಬಹುದು, ಅದಕ್ಕೆ ಎಲ್ಲರೂ 417/25-26 ಥರ ಇಟ್ಕೊಂಡಿದೀವಿ. ಬಯ್ಯರ್‌ನ ಸಿಸ್ಟಮ್ ಓರೆಗೆರೆ ಒಪ್ಪಲ್ಲ ಅಂದ್ರೆ 810ನಲ್ಲಿ ಬೇರೆ ನಂಬರ್ ಹಾಕಕ್ಕೆ ಹೋಗ್ಬೇಡಿ, ಬ್ಯಾಂಕಲ್ಲಿ ದುಡ್ಡು ಬಂದಾಗ, ಶಿಪ್ಪಿಂಗ್ ಬಿಲ್ ಜೊತೆ ತಾಳೆ ಹಾಕೋವಾಗ ಒದ್ದಾಡ್ತೀರ. ಎಕ್ಸ್‌ಪೋರ್ಟ್‌ಗೆ ಅಂತ ಬರೀ ಅಕ್ಷರ ಅಂಕಿ ಇರೋ ಬೇರೆ ಸೀರೀಸ್ ಶುರು ಮಾಡಿ, ಎಲ್ಲ ಕಡೆ ಅದೇ ಇರಲಿ.

7. ಟೆಸ್ಟ್

ಐಎಸ್‌ಎ ಸಾಲಿನ ಕೊನೇ ಕಡೆ ಒಂದಕ್ಷರ ಇರುತ್ತೆ, ಟಿ ಇದ್ರೆ ಟೆಸ್ಟ್, ಪಿ ಇದ್ರೆ ಪ್ರೊಡಕ್ಷನ್. ಪಿ ಹಾಕಿ ಟೆಸ್ಟ್ ಇನ್ವಾಯ್ಸ್ ಕಳ್ಸಿದ್ರೆ ಅದು ನಿಜವಾದ ಇನ್ವಾಯ್ಸು, ವಾಪಸ್ ತಗೊಳಕ್ಕೆ ಕ್ಷಮಾಪಣೆ ಪತ್ರ ಬರೀಬೇಕು. ಗೋ ಲೈವ್ ಆದ್ಮೇಲೆ ಟಿ ಬದಲಾಯಿಸೋದು ಮರೆತ್ರೆ ಉಲ್ಟಾ ಆಗುತ್ತೆ, ನೀವು ಕಳ್ಸಿದ 856 ಎಲ್ಲ ಟೆಸ್ಟ್ ಬುಟ್ಟಿಗೆ ಬೀಳುತ್ತೆ, ಸರಕು ಗೋಡೌನ್ ಮುಟ್ಟಿರುತ್ತೆ ಎಎಸ್‌ಎನ್ ಇರಲ್ಲ, ಚಾರ್ಜ್‌ಬ್ಯಾಕ್ ಬೀಳುತ್ತೆ. ಚಾರ್ಜ್‌ಬ್ಯಾಕ್ ಅಂದ್ರೆ ನಿಯಮ ತಪ್ಪಿದ್ದಕ್ಕೆ ಬಯ್ಯರ್ ನಿಮ್ಮ ಬಿಲ್ಲಲ್ಲೇ ಮುರ್ಕೊಳೋ ದಂಡ.

ಟೆಸ್ಟ್ ಮಾಡೋವಾಗ ಸುಲಭದ ಆರ್ಡರ್ ತಗೋಬೇಡಿ. ಎರಡು ಕಲರ್, ಐದು ಸೈಜ್, ಒಂದು ಮಿಕ್ಸ್ ಕಾರ್ಟನ್, ಒಂದು ಶಾರ್ಟ್ ಶಿಪ್‌ಮೆಂಟ್ ಇರೋದನ್ನ ತಗೊಳ್ಳಿ. ಕಾರ್ಟನ್ ಮೇಲೆ ಅಂಟಿಸೋ ಜಿಎಸ್1-128 ಬಾರ್‌ಕೋಡ್ ಲೇಬಲ್‌ನಲ್ಲಿರೋ 18 ಅಂಕಿಯ ನಂಬರ್ರು, 856 ಫೈಲ್ ಒಳಗಿರೋ ನಂಬರ್ರು ಒಂದೇನಾ ಅಂತ ಪ್ಯಾಕಿಂಗ್ ಹಾಲ್‌ಗೆ ಹೋಗಿ ಸ್ಕ್ಯಾನರ್ ಹಿಡಿದು ನೋಡಿ, ಆಫೀಸಲ್ಲಿ ಕೂತು ನೋಡ್ಬೇಡಿ.

ಕಂಟ್ರೋಲ್ ನಂಬರ್ ಅಂತ 9 ಅಂಕಿಯದ್ದು ಇರುತ್ತೆ ಲಕೋಟೆ ಮೇಲೆ, 000000417 ಆದ್ಮೇಲೆ 000000418 ಹೀಗೆ. ಅದೇ ನಂಬರ್ ಎರಡನೇ ಸಲ ಬಂದ್ರೆ ಡೂಪ್ಲಿಕೇಟ್ ಅಂತ ತಳ್ಳಿಬಿಡ್ತಾರೆ. ಸರ್ವರ್ ಬದಲಾಯ್ಸಿದಾಗ, ಬ್ಯಾಕಪ್ ರಿಸ್ಟೋರ್ ಮಾಡಿದಾಗ ಈ ಕೌಂಟರ್ ಹಿಂದಕ್ಕೆ ಹೋಗುತ್ತೆ, ಹುಷಾರು.

8. ರಸೀದಿಗಳು, ಮುಖ್ಯವಾದ ಭಾಗ

ಮೊದಲ ಬಾಗಿಲು: ನಿಮ್ಮ ವ್ಯಾನ್ "ಅಕ್ಸೆಪ್ಟೆಡ್" ಅಂತ ತೋರಿಸುತ್ತೆ, ಎಎಸ್2 ಆದ್ರೆ ಎಂಡಿಎನ್ ಬರುತ್ತೆ. ಎರಡನೇದು, ಇಂಟರ್‌ಕನೆಕ್ಟ್ ಇದ್ರೆ "ಡೆಲಿವರ್ಡ್ ಟು ಇಂಟರ್‌ಕನೆಕ್ಟ್" ಅಂತ ಬರುತ್ತೆ. ಈ ಪದ ನೋಡಿ ಮೋಸ ಹೋಗ್ಬೇಡಿ. ನಿಮ್ಮ ವ್ಯಾನು ಪಕ್ಕದ ವ್ಯಾನಿನ ಬಾಗಿಲಲ್ಲಿ ಇಟ್ಟು ಬಂದಿದೆ ಅಂತಷ್ಟೇ ಅದರ ಅರ್ಥ, ಬಯ್ಯರ್ ಎತ್ಕೊಂಡ ಅಂತ ಅಲ್ಲ. ಬಯ್ಯರ್ ಎತ್ಕೊಂಡ ಅನ್ನೋ ಮಾಹಿತಿ ಆ ಕಡೆ ವ್ಯಾನ್ ವಾಪಸ್ ಕೊಡ್ಬೇಕು, ಕೆಲವರು ಕೊಡ್ತಾರೆ, ಕೆಲವರು ಕೊಡಲ್ಲ, ಇದನ್ನ ಸೆಟಪ್ ದಿನಾನೇ ಕೇಳ್ಕೊಳ್ಳಿ.

ಮೂರನೇದು 997. ಬಯ್ಯರ್‌ನ ಕಂಪ್ಯೂಟರ್ ಫೈಲ್ ತೆರೆದು ವ್ಯಾಕರಣ ಸರಿಯಿದೆ ಅಂತ ನೋಡಿ ಕೊಡೋ ರಸೀದಿ. ಅದರ ಕೊನೇಲಿ ಎ ಇದ್ರೆ ಒಪ್ಪಿಗೆ, ಇ ಇದ್ರೆ ಒಪ್ಪಿದೀವಿ ಆದ್ರೆ ತಪ್ಪುಗಳಿವೆ, ಆರ್ ಇದ್ರೆ ತಿರಸ್ಕಾರ, ಪಿ ಇದ್ರೆ ಒಂದಷ್ಟು ಒಪ್ಪಿಗೆ ಒಂದಷ್ಟು ಇಲ್ಲ. 997 ಬಂತು ಅಂತ ಫೋಲ್ಡರ್‌ಗೆ ಹಾಕಿ ಸುಮ್ಮನಾಗೋರು, ಒಳಗೆ ಆರ್ ಇದ್ದಿದ್ದನ್ನ ಪೇಮೆಂಟ್ ಬರದೇ ಇದ್ದಾಗ ನೋಡ್ತಾರೆ. ತಾಳೆ ಹಾಕೋವಾಗ ಒಂದು ಸೂಕ್ಷ್ಮ: 997 ಹೇಳೋದು ಲಕೋಟೆ ನಂಬರ್ ಅಲ್ಲ, ಒಳಗಿರೋ ಜಿಎಸ್ ಸಾಲಿನ (ಒಂದೇ ಥರದ ಡಾಕ್ಯುಮೆಂಟ್‌ಗಳನ್ನ ಒಂದು ಕಟ್ಟು ಮಾಡೋ ಸಾಲು) ಗ್ರೂಪ್ ನಂಬರ್. ಎರಡೂ ಒಂದೇ ಇರ್ಬೇಕು ಅಂತಿಲ್ಲ. ಮತ್ತೆ 997ಗೆ 997 ಕಳಿಸ್ಬೇಡಿ, ಥ್ಯಾಂಕ್ಯೂಗೆ ಥ್ಯಾಂಕ್ಯೂ ಹೇಳಿದ ಹಾಗೆ, ಮುಗಿಯೋದೇ ಇಲ್ಲ.

ನಾಲ್ಕನೇದು ಬಯ್ಯರ್‌ನ ಅಕೌಂಟ್ಸ್ ಸಿಸ್ಟಮ್. 997ನಲ್ಲಿ ಎ ಬಂದಿದೆ ಅಂದ್ರೆ ಇನ್ವಾಯ್ಸ್ ಒಪ್ಪಿದಾರೆ ಅಂತಲ್ಲ, ಓದಕ್ಕೆ ಬಂತು ಅಂತ ಅಷ್ಟೇ. ರೇಟ್ ತಪ್ಪಿದ್ರೆ, ಪಿಒ ನಂಬರ್ ಇಲ್ದಿದ್ರೆ 824 ಅನ್ನೋ ಡಾಕ್ಯುಮೆಂಟಲ್ಲಿ ಹೇಳ್ತಾರೆ, ಇಲ್ಲ ಪೋರ್ಟಲಲ್ಲಿ ತೋರಿಸ್ತಾರೆ, ಇಲ್ಲ ಏನೂ ಹೇಳದೆ ಸುಮ್ಮನಿರ್ತಾರೆ.

ಇದೇ ಗೊಂದಲ ನಮ್ಮ ಜಿಎಸ್‌ಟಿ ಇ-ಇನ್ವಾಯ್ಸ್ ಬಗ್ಗೆನೂ ಇದೆ. "ಐಆರ್‌ಪಿಗೆ ಹಾಕಿದೀವಲ್ಲ ಸಾರ್, ಬಯ್ಯರ್‌ಗೆ ಹೋಗಿರುತ್ತೆ" ಅಂತಾರೆ. ಹೋಗಲ್ಲ. ಐಆರ್‌ಪಿ ಅಂದ್ರೆ ಜಿಎಸ್‌ಟಿಯ ಇನ್ವಾಯ್ಸ್ ನೋಂದಣಿ ಪೋರ್ಟಲ್, ಅದು ನಿಮ್ಮ ಇನ್ವಾಯ್ಸ್ ನೋಂದಾಯ್ಸಿ 64 ಅಕ್ಷರದ ಐಆರ್‌ಎನ್ನು (ಇನ್ವಾಯ್ಸ್ ಗುರುತಿನ ನಂಬರ್), ಕ್ಯೂಆರ್ ಕೋಡು ಕೊಡುತ್ತೆ, ಅದು ಸರ್ಕಾರದ ರಸೀದಿ. ಬಯ್ಯರ್‌ಗೆ ತಲುಪಿಸೋದು ನಿಮ್ಮ ಕೆಲಸ.

9. ದಿನದ ಶೀಟು

ಒಂದು ಎಕ್ಸೆಲ್ ಸಾಕು. ಡಾಕ್ಯುಮೆಂಟು, ಪಿಒ ನಂಬರ್, ಲಕೋಟೆ ನಂಬರ್, ಗ್ರೂಪ್ ನಂಬರ್, ಕಳ್ಸಿದ ಟೈಮು, ವ್ಯಾನ್ ಸ್ಟೇಟಸ್ಸು, 997 ಬಂದ ಟೈಮು, ಒಳಗಿನ ಅಕ್ಷರ. ಬೆಳಗ್ಗೆ ಕಾಫಿ ಕುಡೀತಾ 997 ಕಾಲಮ್ ಖಾಲಿ ಇರೋ ಸಾಲುಗಳನ್ನ ನೋಡಿ. 24 ಗಂಟೆ ದಾಟಿದ್ರೆ ಟಿಕೆಟ್ ಹಾಕಿ, ಅದರಲ್ಲಿ "ಫೈಲ್ ಹೋಗಿಲ್ಲ ದಯವಿಟ್ಟು ನೋಡಿ" ಅಂತ ಬರೆದ್ರೆ ಎರಡು ದಿನ ವೇಸ್ಟು, ಲಕೋಟೆ ನಂಬರ್, ಎರಡೂ ಐಡಿ ಕ್ವಾಲಿಫೈಯರ್ ಸಮೇತ, ಕಳ್ಸಿದ ಟೈಮ್ ಯುಟಿಸಿಯಲ್ಲಿ (ಎಲ್ಲ ದೇಶಕ್ಕೂ ಒಂದೇ ಆದ ಸಮಯ, ನಮ್ಮ ಟೈಮಿಗಿಂತ ಐದೂವರೆ ಗಂಟೆ ಹಿಂದೆ), ಇಷ್ಟು ಬರೆದ್ರೆ ಅವನು ನೇರವಾಗಿ ಹುಡುಕ್ತಾನೆ. ಅವನು "ನಾವು ದಾಟ್ಸಿದೀವಿ" ಅಂದ್ರೆ ದಾಟ್ಸಿದ ಟೈಮು, ಆ ಕಡೆ ವ್ಯಾನ್ ಕೊಟ್ಟ ರೆಫರೆನ್ಸು ಕೇಳಿ, ಅದನ್ನ ಬಯ್ಯರ್‌ಗೆ ಕೊಟ್ಟು ಅವರ ವ್ಯಾನಲ್ಲಿ ಟಿಕೆಟ್ ಹಾಕ್ಸಿ. ಆ ಕಡೆ ವ್ಯಾನಿಗೆ ನೀವು ಗ್ರಾಹಕರಲ್ಲ, ನಿಮ್ಮ ಫೋನ್ ಅವ್ರು ಎತ್ತಲ್ಲ.

ಪೆಪ್ಪೋಲ್ ಕೇಳಿದೋರಿಗೆ

ಸಿಂಗಾಪುರದಲ್ಲಿ, ಬೆಲ್ಜಿಯಮ್‌ನಲ್ಲಿ ಸಣ್ಣ ಕಂಪನಿ ಇಟ್ಕೊಂಡಿರೋ ನಮ್ಮವರಿಂದ ಈ ಪ್ರಶ್ನೆ ಜಾಸ್ತಿ ಬರ್ತಿದೆ, ಯಾಕಂದ್ರೆ ಬೆಲ್ಜಿಯಮ್‌ನಲ್ಲಿ 2026ರ ಜನವರಿ 1ರಿಂದ ವ್ಯಾಟ್ ನೋಂದಣಿ ಇರೋ ಅಲ್ಲಿನ ಕಂಪನಿಗಳ ಮಧ್ಯೆ ಇ-ಇನ್ವಾಯ್ಸ್ ಕಡ್ಡಾಯ, ಪಿಡಿಎಫ್ ಮೇಲ್ ಮಾಡಿದ್ರೆ ಇನ್ವಾಯ್ಸ್ ಅಂತ ಲೆಕ್ಕಕ್ಕಿಲ್ಲ. ಸಿಂಗಾಪುರದಲ್ಲಿ ಇದಕ್ಕೆ ಇನ್‌ವಾಯ್ಸ್‌ನೌ ಅಂತ ಹೆಸರು, 2019ರಿಂದ ಇದೆ.

ವ್ಯಾನ್ ಲೋಕದ ತಲೆನೋವಿಗೆ ಪೆಪ್ಪೋಲ್ ಒಳ್ಳೇ ಉತ್ತರ. ಇಲ್ಲಿ ನಾಲ್ಕು ಮೂಲೆ: ನೀವು, ನಿಮ್ಮ ಆಕ್ಸೆಸ್ ಪಾಯಿಂಟ್, ಅವರ ಆಕ್ಸೆಸ್ ಪಾಯಿಂಟ್, ಅವ್ರು. ಆಕ್ಸೆಸ್ ಪಾಯಿಂಟ್ ಅಂದ್ರೆ ನಿಮ್ಮ ಪರವಾಗಿ ನೆಟ್‌ವರ್ಕ್‌ಗೆ ಫೈಲ್ ಹಾಕೋ, ತಗೊಳೋ ಕಂಪನಿ. ಎಲ್ಲರೂ ಒಂದೇ ಒಪ್ಪಂದಕ್ಕೆ ಸಹಿ ಹಾಕಿರ್ತಾರೆ, ಅದಕ್ಕೆ ಬಯ್ಯರ್ ಬಯ್ಯರ್‌ಗೂ ಇಂಟರ್‌ಕನೆಕ್ಟ್ ಟಿಕೆಟ್ ಹಾಕೋ ಗೋಳಿಲ್ಲ. ತಗೊಳೋರ ಐಡಿ ಕೊಟ್ರೆ ಅವರ ಆಕ್ಸೆಸ್ ಪಾಯಿಂಟ್ ಎಲ್ಲಿದೆ ಅಂತ ನೆಟ್‌ವರ್ಕಿನ ವಿಳಾಸ ಪುಸ್ತಕದಿಂದ ತಾನಾಗೇ ಹುಡುಕ್ಕೊಂಡು ಎಎಸ್4 ಅನ್ನೋ ಪದ್ಧತೀಲಿ ಕಳ್ಸುತ್ತೆ. ಆ ವಿಳಾಸ ಪುಸ್ತಕಕ್ಕೆ ಎಸ್‌ಎಂಪಿ ಅಂತಾರೆ.

ಐಡಿಯಲ್ಲಿ ಇಲ್ಲೂ ಎರಡು ಭಾಗ. ಬೆಲ್ಜಿಯಮ್ ಕಂಪನಿ ನಂಬರ್‌ಗೆ ಮುಂದೆ 0208, ಸಿಂಗಾಪುರದ ಕಂಪನಿ ನಂಬರ್ ಯುಇಎನ್‌ಗೆ 0195, ಆಸ್ಟ್ರೇಲಿಯಾದ ಕಂಪನಿ ನಂಬರ್ ಎಬಿಎನ್‌ಗೆ 0151. ಮುಂದಿನ ನಾಲ್ಕಂಕಿ ತಪ್ಪಿದ್ರೆ ಆ ಹೆಸರಿನವರೇ ಇಲ್ಲ ಅಂತ ಬರುತ್ತೆ.

ಎರಡು ಕಡೆ ಹುಷಾರು. ಬಯ್ಯರ್ ಎಸ್‌ಎಂಪಿಯಲ್ಲಿ ಇನ್ವಾಯ್ಸ್ ತಗೋತೀನಿ ಅಂತ ಬರೆಸಿರ್ತಾನೆ, ಆದ್ರೆ ಕ್ರೆಡಿಟ್ ನೋಟ್ ಬರೆಸೋದು ಬಿಟ್ಟಿರ್ತಾನೆ, ನಿಮ್ಮ ಕ್ರೆಡಿಟ್ ನೋಟ್ ಹೋಗಲ್ಲ, ಬದಲಾಯಿಸ್ಬೇಕಾದೋನು ಅವನು. ಎರಡನೇದು, ಒಂದು ಐಡಿ ಒಂದೇ ಎಸ್‌ಎಂಪಿಯಲ್ಲಿ ಇರಕ್ಕಾಗೋದು. ಅಕೌಂಟಿಂಗ್ ಸಾಫ್ಟ್‌ವೇರ್‌ನ ಫ್ರೀ ಟ್ರಯಲ್ ಹಾಕೋವಾಗ ಗೊತ್ತಿಲ್ದೆ "ಪೆಪ್ಪೋಲ್ ಆನ್" ಒತ್ತಿರ್ತೀರ, ಆಮೇಲೆ ಬೇರೆ ಕಡೆ ದುಡ್ಡು ಕೊಟ್ಟು ಸೇರೋವಾಗ ಈ ಐಡಿ ಆಗಲೇ ನೋಂದಣಿಯಾಗಿದೆ ಅಂತ ಬರುತ್ತೆ. ಹೊಸಬರಿಗೆ ದುಡ್ಡು ಕಟ್ಟೋಕೆ ಮುಂಚೆ ಪೆಪ್ಪೋಲ್ ಡೈರೆಕ್ಟರಿಯಲ್ಲಿ ನಿಮ್ಮದೇ ನಂಬರ್ ಹಾಕಿ ಹುಡುಕಿ, ಅಲ್ಲಿ ಕಂಡ್ರೆ ಹಳೇ ಸಾಫ್ಟ್‌ವೇರ್‌ನವರಿಗೆ ಡಿರಿಜಿಸ್ಟರ್ ಮಾಡಿ ಅಥವಾ ಮೈಗ್ರೇಶನ್ ಕೀ (ಐಡಿನ ಬೇರೆ ಕಡೆಗೆ ಸಾಗಿಸಕ್ಕೆ ಬೇಕಾದ ಕೋಡ್) ಕೊಡಿ ಅಂತ ಬರವಣಿಗೆಯಲ್ಲಿ ಕೇಳಿ, ಟ್ರಯಲ್ ಅಕೌಂಟಿನ ಪಾಸ್‌ವರ್ಡ್ ಮರೆತಿದ್ರೆ ಅದನ್ನ ಮೊದಲು ರೀಸೆಟ್ ಮಾಡ್ಕೊಳ್ಳಿ.